ಆಫೀಸ್ ಲ್ಯಾಪ್‌ಟಾಪ್ ವಾಪಸ್ ಕೊಡೋ ಮುಂಚೆ: ಹಿಸ್ಟರಿ ಅಳಿಸಿದ ಮೇಲೂ ಏನು ಉಳಿಯುತ್ತೆ, ಎಲ್ಲಿ ಉಳಿಯುತ್ತೆ?

#1 ತುಂಗಾತೀರ

ಕಂಪನಿಯ ಲ್ಯಾಪ್‌ಟಾಪ್, ವಿಂಡೋಸ್ 11. ಕ್ರೋಮ್, ಎಡ್ಜ್ ಎರಡೂ ಇವೆ. ಕ್ರೋಮ್‌ನಲ್ಲಿ ಸ್ವಂತ ಜಿಮೇಲ್ ಲಾಗಿನ್ ಆಗಿದೆ. ಕೆಲಸ ಬಿಡ್ತಿರೋದ್ರಿಂದ ಮುಂದಿನ ಶುಕ್ರವಾರ ಯಂತ್ರ ವಾಪಸ್ ಕೊಡಬೇಕು. ಕಂಟ್ರೋಲ್+ಶಿಫ್ಟ್+ಡಿಲೀಟ್ ಒತ್ತಿ ಹಿಸ್ಟರಿ ಅಳಿಸಿದರೂ ಅಡ್ರೆಸ್ ಬಾರ್‌ನಲ್ಲಿ ಎರಡಕ್ಷರ ಹೊಡೆದರೆ ಬ್ಯಾಂಕು, ಆಸ್ಪತ್ರೆ ಸೈಟುಗಳ ಹೆಸರು ಬರ್ತಾನೇ ಇವೆ. ಕಣ್ಣಿಗೆ ಕಾಣದ ಹಿಸ್ಟರಿ ಎಲ್ಲಾದರೂ ಇರುತ್ತಾ? ಪೂರ್ತಿ ತೆಗೆಯೋದು ಹೇಗೆ? ಕಂಪನಿಯ ಕೆಲಸದ ಫೈಲ್ ಯಾವುದನ್ನೂ ಅಳಿಸೋ ಉದ್ದೇಶ ಇಲ್ಲ, ಸ್ವಂತದ್ದು ಮಾತ್ರ.

#2 ಡೆಸ್ಕ್‌ಟಾಪ್_ಧಾರವಾಡ

ಇನ್ನೊಮ್ಮೆ ಡಿಲೀಟ್ ಒತ್ತೂಕಿಂತ ಮೊದಲ ಇದನ್ನ ಓದ್ರಿ. ಸಿಂಕ್ (ಒಂದ ಅಕೌಂಟಿನ ಮಾಹಿತಿ ಎಲ್ಲಾ ಯಂತ್ರದಾಗೂ ಒಂದ ಥರ ಇಡೂ ಸೌಲಭ್ಯ) ಚಾಲೂ ಇದ್ದಾಗ ಹಿಸ್ಟರಿ ಅಳಿಸಿದ್ರ ಆ ಯಂತ್ರದ್ದಷ್ಟ ಅಳಿಯಂಗಿಲ್ರಿ, ನಿಮ್ಮ ಫೋನಿಂದು, ಮನಿ ಕಂಪ್ಯೂಟರಿಂದು ಎಲ್ಲಾ ಒಟ್ಟಿಗೆ ಹೋಗತೈತಿ. ಪಾಸ್‌ವರ್ಡ್ ಅನ್ನೂದಕ್ಕ ಟಿಕ್ ಹಾಕಿದ್ರಂತೂ ಅಕೌಂಟಿನಾಗ ಉಳಿಸಿಟ್ಟ ಪಾಸ್‌ವರ್ಡ್ ಎಲ್ಲಾ ಕಡೆಯಿಂದ ಮಾಯ ಆಗತಾವು. ಕೆಲಸ ಬಿಡೋರು ಮಾಡೋ ದೊಡ್ಡ ತಪ್ಪು ಇದ.

ಅದಕ ಅಳಿಸೂದು ಕೊನೀಗೆ, ಬಿಡಿಸಿಕೊಳ್ಳೂದು ಮೊದಲು. ಈ ಕ್ರಮದಾಗ ಮಾಡ್ರಿ:

1. ಬುಕ್‌ಮಾರ್ಕ್, ಪಾಸ್‌ವರ್ಡ್ ಎರಡೂ ನಿಮ್ಮ ಫೋನಿನ ಕ್ರೋಮ್ ಒಳಗ ಕಾಣತಾವೇನು ನೋಡ್ರಿ. ಕಾಣಲಿಲ್ಲಂದ್ರ ಅವು ಆಫೀಸ್ ಯಂತ್ರದಾಗಷ್ಟ ಅದಾವು ಅಂತ ಅರ್ಥ. ಬುಕ್‌ಮಾರ್ಕ್ ಮ್ಯಾನೇಜರ್ ಒಳಗ ಎಕ್ಸ್‌ಪೋರ್ಟ್ ಕೊಟ್ರ ಒಂದು ಎಚ್‌ಟಿಎಂಎಲ್ ಫೈಲ್ ಸಿಗತೈತಿ. ಪಾಸ್‌ವರ್ಡ್ ಎಕ್ಸ್‌ಪೋರ್ಟ್ ಮಾಡಬ್ಯಾಡ್ರಿ. ಆ ಸಿಎಸ್‌ವಿ ಫೈಲಿನಾಗ ಎಲ್ಲಾ ಬಿಚ್ಚಕ್ಷರದಾಗ ಇರತಾವು.
2. ಕ್ರೋಮ್ ಪ್ರೊಫೈಲ್ ಚಿತ್ರದ ಮ್ಯಾಲೆ ಒತ್ತಿ ಸಿಂಕ್ ಬಂದ್ ಮಾಡ್ರಿ, ಆಮ್ಯಾಲೆ ಸೈನ್ ಔಟ್ ಆಗ್ರಿ.
3. ಮ್ಯಾನೇಜ್ ಪ್ರೊಫೈಲ್ಸ್ ತೆಗೆದು, ಸ್ವಂತ ಪ್ರೊಫೈಲ್ ಇರೋ ಚೌಕದ ಮೂರು ಚುಕ್ಕಿ ಒತ್ತಿ ಡಿಲೀಟ್ ಕೊಡ್ರಿ. ಹಿಸ್ಟರಿ, ಕುಕಿ, ಕ್ಯಾಶ್, ಆಟೋಫಿಲ್, ಎಕ್ಸ್‌ಟೆನ್ಷನ್ ಎಲ್ಲಾ ಆ ಫೋಲ್ಡರಿನ ಜೋಡಿ ಹೋಗತಾವು. ಒಂದೊಂದ ಟಿಕ್ ಹಾಕಿ ಅಳಿಸೂದಕಿಂತ ಇದು ಖಾತ್ರಿ.
4. ಈಗ ಫೋನಿನಾಗ ಗೂಗಲ್ ಅಕೌಂಟ್, ಸೆಕ್ಯೂರಿಟಿ, ಯುವರ್ ಡಿವೈಸಸ್ ತೆಗೆದು ಆಫೀಸ್ ಲ್ಯಾಪ್‌ಟಾಪ್ ಹೆಸರಿನ ಮ್ಯಾಲೆ ಸೈನ್ ಔಟ್ ಕೊಡ್ರಿ. ವಾಟ್ಸಾಪ್ ಒಳಗ ಲಿಂಕ್ಡ್ ಡಿವೈಸಸ್, ಟೆಲಿಗ್ರಾಂ ಒಳಗ ಡಿವೈಸಸ್, ಅಲ್ಲೂ ಹಂಗ.

ಒಂದು ಎಚ್ಚರಿಕಿ. ಸೆಟ್ಟಿಂಗ್ಸ್ ಒಳಗ ಅಕೌಂಟ್ಸ್ ಅಂತ ಐತಲ್ರಿ, ಅಲ್ಲಿ ‘ಆಕ್ಸೆಸ್ ವರ್ಕ್ ಆರ್ ಸ್ಕೂಲ್’ ಅನ್ನೂದನ್ನ ಮುಟ್ಟಬ್ಯಾಡ್ರಿ. ಅದು ಕಂಪನಿ ಜೋಡಣಿ. ಡಿಸ್‌ಕನೆಕ್ಟ್ ಕೊಟ್ರ ಯಂತ್ರ ನಿರ್ವಹಣಿಯಿಂದ ಹೊರಗ ಬೀಳತೈತಿ, ಮತ್ತ ಲಾಗಿನ್ ಆಗಾಕೂ ಬರದಂಗ ಆಗಬಹುದು. ‘ರೀಸೆಟ್ ದಿಸ್ ಪಿಸಿ’ ಅಂತೂ ಬ್ಯಾಡ ಬ್ಯಾಡ. ಡಿಸ್ಕಿನ ಮ್ಯಾಲೆ ಬಿಟ್‌ಲಾಕರ್ ಅನ್ನೂ ವಿಂಡೋಸಿನ ಬೀಗ ಇರತೈತಿ, ರಿಕವರಿ ಕೀ ಐಟಿಯವರ ಕಡೆ ಇರತೈತಿ. ನಡುವ ಸಿಕ್ಕೊಂಡ್ರ ಯಂತ್ರ ಕೈಗೆ ಬರಂಗಿಲ್ಲ.

#3 ಕುಕಿ_ಡಬ್ಬಿ

ಧಾರವಾಡದವರು ಹೇಳಿದ ಕ್ರಮ ಸರಿ. ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ನನ್ನದು. ಅಡ್ರೆಸ್ ಬಾರ್‌ಗೆ ಹೆಸರುಗಳು ಒಂದೇ ಕಡೆಯಿಂದ ಬರೋದಿಲ್ಲ.

ಮೊದಲು ನೋಡಬೇಕಾದ್ದು ಟೈಮ್ ರೇಂಜ್. ಡಿಲೀಟ್ ಪೆಟ್ಟಿಗೆ ತೆರೆದಾಗ ಕೊನೆಯ 15 ನಿಮಿಷ ಅಥವಾ ಕೊನೆಯ ಒಂದು ಗಂಟೆ ಅಂತ ಮೊದಲೇ ಆಯ್ಕೆ ಆಗಿರುತ್ತೆ. ಅದನ್ನು ‘ಆಲ್ ಟೈಮ್’ಗೆ ಬದಲಿಸದೆ ಒತ್ತಿದರೆ ಹಳೆಯದೆಲ್ಲ ಹಾಗೇ ಇರುತ್ತೆ. ಎರಡನೆಯದು ಬುಕ್‌ಮಾರ್ಕ್. ಹಿಸ್ಟರಿ ಅಳಿಸಿದರೆ ಬುಕ್‌ಮಾರ್ಕ್ ಅಳಿಯೋದಿಲ್ಲ, ಸಲಹೆಯ ಪಕ್ಕದಲ್ಲಿ ನಕ್ಷತ್ರ ಕಂಡರೆ ಅದೇ. ಮೂರನೆಯದು ಗೂಗಲ್ ಅಕೌಂಟ್‌ನ ‘ವೆಬ್ ಆ್ಯಂಡ್ ಆ್ಯಪ್ ಆಕ್ಟಿವಿಟಿ’. ಇದು ಲ್ಯಾಪ್‌ಟಾಪ್‌ನಲ್ಲಿ ಇಲ್ಲವೇ ಇಲ್ಲ, ಗೂಗಲ್ ಸರ್ವರ್‌ನಲ್ಲಿದೆ. ಹಿಂದೆ ಹುಡುಕಿದ್ದು ಗಡಿಯಾರದ ಗುರುತಿನ ಜೊತೆ ಬಂದರೆ ಬಹುಪಾಲು ಇಲ್ಲಿಂದ. ‘ಮೈ ಆಕ್ಟಿವಿಟಿ’ ಪುಟಕ್ಕೆ ಹೋಗಿ ಅಳಿಸಬೇಕು. ಅಲ್ಲೇ ಆಟೋ ಡಿಲೀಟ್ ಅನ್ನು 3, 18 ಅಥವಾ 36 ತಿಂಗಳಿಗೆ ಇಡಬಹುದು.

ನಾಲ್ಕನೆಯದನ್ನು ಜನ ಗಮನಿಸೋದೇ ಇಲ್ಲ: ಇನ್ನೊಂದು ಪ್ರೊಫೈಲ್. ಒಂದೇ ಕ್ರೋಮ್‌ನಲ್ಲಿ ಡೀಫಾಲ್ಟ್, ಪ್ರೊಫೈಲ್ 1, ಪ್ರೊಫೈಲ್ 2 ಅಂತ ಬೇರೆ ಬೇರೆ ಫೋಲ್ಡರ್ ಇರುತ್ತವೆ. ಪ್ರತಿಯೊಂದಕ್ಕೂ ಅದರದ್ದೇ ಹಿಸ್ಟರಿ. ಅಡ್ರೆಸ್ ಬಾರ್‌ನಲ್ಲಿ ಕ್ರೋಮ್, ಕೋಲನ್, ಎರಡು ಸ್ಲ್ಯಾಶ್, ವರ್ಶನ್ ಅಂತ ಇಂಗ್ಲಿಷಿನಲ್ಲಿ ಹೊಡೆದರೆ ‘ಪ್ರೊಫೈಲ್ ಪಾತ್’ ಅನ್ನೋ ಸಾಲಿನಲ್ಲಿ ಈಗ ತೆರೆದಿರೋದು ಯಾವ ಫೋಲ್ಡರ್ ಅಂತ ಗೊತ್ತಾಗುತ್ತೆ. ಅದರೊಳಗೆ ಹಿಸ್ಟರಿ ಅನ್ನೋ ಹೆಸರಿನ, ಬಾಲವಿಲ್ಲದ (ಹೆಸರಿನ ಕೊನೆಯಲ್ಲಿ ಡಾಟ್ ಮತ್ತು ಅಕ್ಷರಗಳಿಲ್ಲದ) ಫೈಲ್ ಇದೆ. ಅದೊಂದು ಎಸ್‌ಕ್ಯೂಲೈಟ್ ಡೇಟಾಬೇಸ್. ಸುಮಾರು 90 ದಿನ ದಾಟಿದ ಭೇಟಿಗಳನ್ನು ಕ್ರೋಮ್ ತಾನೇ ಅದರಿಂದ ತೆಗೆದುಹಾಕುತ್ತೆ. ಪಕ್ಕದಲ್ಲಿ ಶಾರ್ಟ್‌ಕಟ್ಸ್, ಟಾಪ್ ಸೈಟ್ಸ್, ಫ್ಯಾವಿಕಾನ್ಸ್ ಅನ್ನೋ ಫೈಲುಗಳೂ ಇರುತ್ತವೆ. ನೀವು ಟೈಪ್ ಮಾಡಿ ಆರಿಸಿದ್ದನ್ನು ನೆನಪಿಡೋದು ಶಾರ್ಟ್‌ಕಟ್ಸ್. ಎಡ್ಜ್ ಕೂಡ ಕ್ರೋಮ್‌ನ ಅಡಿಪಾಯವಾದ ಕ್ರೋಮಿಯಂ ಮೇಲೇ ಕಟ್ಟಿರೋದರಿಂದ ಅದರ ಫೋಲ್ಡರಿನಲ್ಲೂ ಹೆಚ್ಚುಕಡಿಮೆ ಇದೇ ಜೋಡಣೆ.

ಬಿಡಿಯಾಗಿ ಒಂದೇ ಸಲಹೆ ತೆಗೆಯಬೇಕಾದರೆ ಬಾಣದ ಕೀಲಿಯಿಂದ ಅದರ ಮೇಲೆ ಹೋಗಿ ಶಿಫ್ಟ್+ಡಿಲೀಟ್ ಒತ್ತಿ. ಬುಕ್‌ಮಾರ್ಕ್‌ನಿಂದ ಬಂದದ್ದಾದರೆ ಇದಕ್ಕೆ ಬಗ್ಗೋದಿಲ್ಲ.

ಫೈರ್‌ಫಾಕ್ಸ್ ಇದ್ದವರಿಗೆ ಸುಲಭ: ಕಂಟ್ರೋಲ್+ಶಿಫ್ಟ್+ಎಚ್ ಒತ್ತಿ, ಸೈಟಿನ ಮೇಲೆ ಬಲ ಕ್ಲಿಕ್ ಮಾಡಿ ‘ಫರ್ಗೆಟ್ ಅಬೌಟ್ ದಿಸ್ ಸೈಟ್’ ಕೊಟ್ಟರೆ ಆ ಸೈಟಿನ ಹಿಸ್ಟರಿ, ಕುಕಿ, ಕ್ಯಾಶ್ ಒಟ್ಟಿಗೆ ಹೋಗುತ್ತವೆ. ಬುಕ್‌ಮಾರ್ಕ್ ಮಾತ್ರ ಉಳಿಯುತ್ತೆ.

#4 ತುಂಗಾತೀರ

ಧನ್ಯವಾದ ಇಬ್ಬರಿಗೂ. ಟೈಮ್ ರೇಂಜ್ ನಿಜವಾಗಿಯೂ ‘ಲಾಸ್ಟ್ ಅವರ್’ ಇತ್ತು. ಎಡ್ಜ್‌ನಲ್ಲಿ ಮಾತ್ರ ಬ್ರೌಸಿಂಗ್ ಹಿಸ್ಟರಿ ಅನ್ನೋ ಟಿಕ್ ಬೂದು ಬಣ್ಣದಲ್ಲಿದೆ, ಒತ್ತಕ್ಕೇ ಆಗ್ತಿಲ್ಲ. ಕೆಟ್ಟಿದೆಯಾ?

#5 ಕುಕಿ_ಡಬ್ಬಿ

ಕೆಟ್ಟಿಲ್ಲ. ಕಂಪನಿ ಪಾಲಿಸಿಯಲ್ಲಿ ‘ಅಲೌ ಡಿಲೀಟಿಂಗ್ ಬ್ರೌಸರ್ ಹಿಸ್ಟರಿ’ ಅನ್ನೋದನ್ನು ಬಂದ್ ಮಾಡಿದ್ದಾರೆ. ಮೇಲೆ ಹೇಳಿದ ಅಡ್ರೆಸ್ ಬಾರ್ ವಿಳಾಸದಲ್ಲಿ ವರ್ಶನ್ ಬದಲು ಪಾಲಿಸಿ ಅಂತ ಹೊಡೆದರೆ ಎಡ್ಜ್‌ನಲ್ಲೂ ಕ್ರೋಮ್‌ನಲ್ಲೂ ಜಾರಿಯಲ್ಲಿರೋ ಎಲ್ಲ ಪಾಲಿಸಿಗಳ ಪಟ್ಟಿ ಕಾಣುತ್ತೆ. ಇನ್‌ಕಾಗ್ನಿಟೋ ಬಂದ್ ಆಗಿದ್ದರೆ ಅದೂ ಅಲ್ಲೇ ಗೊತ್ತಾಗುತ್ತೆ. ಫೋಲ್ಡರಿಗೆ ಹೋಗಿ ಫೈಲನ್ನೇ ಕೈಯಾರೆ ಅಳಿಸೋ ದಾರಿ ಇದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕಂಪನಿ ಬೇಡ ಅಂತ ಬರೆದಿಟ್ಟಿರೋದನ್ನು ಮುರಿದ ಹಾಗಾಗುತ್ತೆ. ಎಡ್ಜ್‌ನಲ್ಲಿ ಕಂಪನಿ ಐಡಿ ಇದ್ದರೆ ಅದು ಕಂಪನಿಯ ಪ್ರೊಫೈಲ್, ಅದರ ಹಿಸ್ಟರಿಯನ್ನು ಹಾಗೇ ಬಿಡಿ. ಅದರೊಳಗೆ ನೀವು ಸ್ವಂತಕ್ಕೆ ಲಾಗಿನ್ ಆಗಿದ್ದ ಸೈಟುಗಳಿಂದ ಲಾಗೌಟ್ ಆಗಿ, ಉಳಿಸಿಟ್ಟ ಸ್ವಂತ ಪಾಸ್‌ವರ್ಡ್, ಕಾರ್ಡ್ ಸಂಖ್ಯೆ ತೆಗೆಯಿರಿ. ಹಿಸ್ಟರಿ ಓದುವವರಿಗೆ ಸಿಗೋದು ಪುಟದ ಹೆಸರು. ತೆರೆದೇ ಉಳಿದ ಲಾಗಿನ್ ಇದ್ದರೆ ಸಿಗೋದು ಇಡೀ ಖಾತೆ.

#6 ಲಾಗ್_ಓದುಗ

ಎಲ್ಲರೂ ಲ್ಯಾಪ್‌ಟಾಪ್ ಒಳಗೇ ಹುಡುಕ್ತಿದ್ದೀರಿ. ‘ಕಾಣದ ಹಿಸ್ಟರಿ’ ಅನ್ನೋದು ನಿಜವಾಗಿ ಇರೋದು ಅದರ ಹೊರಗೆ. ಅದನ್ನು ಅಳಿಸೋಕೆ ನಿಮ್ಮಿಂದ ಆಗೋದಿಲ್ಲ, ಆಗಬಾರದು ಕೂಡ.

ಆಫೀಸ್ ನೆಟ್‌ವರ್ಕ್‌ನಲ್ಲಿ ಒಂದು ಪುಟ ತೆರೆದರೆ ಹೆಜ್ಜೆ ಎಲ್ಲೆಲ್ಲಿ ಬೀಳುತ್ತೆ ನೋಡಿ. ಹೆಸರನ್ನು ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್ ಸರ್ವರ್‌ನಲ್ಲಿ ಒಂದು. ಪ್ರಾಕ್ಸಿ (ನಿಮ್ಮ ಪರವಾಗಿ ಪುಟ ತರಿಸಿಕೊಡುವ ನಡುವಿನ ಸರ್ವರ್) ಅಥವಾ ಫೈರ್‌ವಾಲ್‌ನಲ್ಲಿ ಇನ್ನೊಂದು. ಯಾವ ಯಂತ್ರಕ್ಕೆ ಯಾವ ಐಪಿ ಕೊಟ್ಟಿತ್ತು ಅನ್ನೋದು ಡಿಎಚ್‌ಸಿಪಿ ದಾಖಲೆಯಲ್ಲಿ. ಸ್ಕ್ವಿಡ್ ಪ್ರಾಕ್ಸಿ ತೆಗೆದುಕೊಳ್ಳಿ. ಅದರ ಆಕ್ಸೆಸ್ ಲಾಗ್‌ನ ಒಂದೊಂದು ಸಾಲಿನಲ್ಲೂ ಸಮಯ, ಹಿಡಿದ ಮಿಲಿಸೆಕೆಂಡ್, ಕೇಳಿದ ಯಂತ್ರದ ಐಪಿ, ಫಲಿತಾಂಶ, ಬೈಟ್, ವಿಧಾನ, ವಿಳಾಸ, ಬಳಕೆದಾರನ ಹೆಸರು ಸಾಲಾಗಿ ಇರುತ್ತವೆ. ಎಚ್‌ಟಿಟಿಪಿಎಸ್ ಸೈಟಾದರೆ ‘ಕನೆಕ್ಟ್’ ಅಂತ ಬರೆದು ಸೈಟಿನ ಹೆಸರು ಮತ್ತು 443 ಮಾತ್ರ ಇರುತ್ತೆ. ಒಳಗಿನ ಪುಟ ಯಾವುದು, ಏನು ಹುಡುಕಿದಿರಿ ಅನ್ನೋದು ಇರೋದಿಲ್ಲ.

ಆದರೆ ಟಿಎಲ್‌ಎಸ್ ಇನ್ಸ್‌ಪೆಕ್ಷನ್ (ಗೂಢಲಿಪಿಯ ಸಂಪರ್ಕವನ್ನು ನಡುವೆ ಬಿಚ್ಚಿ ನೋಡೋ ವ್ಯವಸ್ಥೆ) ಹಾಕಿದ್ದರೆ ಪೂರ್ತಿ ವಿಳಾಸ ಕಾಣುತ್ತೆ. ಅದು ಇದೆಯಾ ಅಂತ ನೀವೇ ನೋಡಿಕೊಳ್ಳಬಹುದು: ಅಡ್ರೆಸ್ ಬಾರ್‌ನ ಎಡಗಡೆ ಗುರುತು ಒತ್ತಿ, ಕನೆಕ್ಷನ್ ಈಸ್ ಸೆಕ್ಯೂರ್, ಸರ್ಟಿಫಿಕೇಟ್ ತೆರೆಯಿರಿ. ‘ಇಷ್ಯೂಡ್ ಬೈ’ ಎದುರು ಡಿಜಿಸರ್ಟ್, ಗೂಗಲ್ ಟ್ರಸ್ಟ್ ಸರ್ವಿಸಸ್ ಥರದ ಸಾರ್ವಜನಿಕ ಸಂಸ್ಥೆ ಇದ್ದರೆ ಆ ಸೈಟನ್ನು ಬಿಚ್ಚಿ ನೋಡುತ್ತಿಲ್ಲ. ಕಂಪನಿಯ ಹೆಸರೋ ಝಡ್‌ಸ್ಕೇಲರ್, ಫೋರ್ಟಿನೆಟ್ ಥರದ ಹೆಸರೋ ಇದ್ದರೆ ನಡುವೆ ಬಿಚ್ಚಿ, ನೋಡಿ, ಮತ್ತೆ ಮುಚ್ಚಿ ಕಳಿಸ್ತಿದ್ದಾರೆ ಅಂತ. ಬ್ಯಾಂಕು, ಆರೋಗ್ಯದ ಸೈಟುಗಳಿಗೆ ಅನೇಕ ಕಡೆ ವಿನಾಯಿತಿ ಕೊಟ್ಟಿರುತ್ತಾರೆ. ಹಾಗಾಗಿ ಎರಡು ಮೂರು ಸೈಟಲ್ಲಿ ನೋಡಿ ತೀರ್ಮಾನಕ್ಕೆ ಬನ್ನಿ.

ಮನೆಯ ವೈಫೈನಲ್ಲಿ ನೋಡಿದ್ದು ಸುರಕ್ಷಿತ ಅನ್ನೋ ಲೆಕ್ಕವೂ ಸರಿಯಲ್ಲ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಪ್ರಾಕ್ಸಿ ಏಜೆಂಟ್ ಯಂತ್ರದ ಒಳಗೇ ಕೂತಿರುತ್ತೆ. ಸಿಸ್ಮಾನ್ ಅನ್ನೋ ಮೈಕ್ರೋಸಾಫ್ಟ್‌ನ ನಿಗಾ ಉಪಕರಣ ಹಾಕಿದ್ದರೆ ಡಿಎನ್‌ಎಸ್ ಪ್ರಶ್ನೆಗಳು ಈವೆಂಟ್ ಸಂಖ್ಯೆ 22 ಆಗಿ ದಾಖಲಾಗುತ್ತವೆ. ಡಿಫೆಂಡರ್ ಫಾರ್ ಎಂಡ್‌ಪಾಯಿಂಟ್ ಅನ್ನೋ ಮೈಕ್ರೋಸಾಫ್ಟ್‌ನ ಭದ್ರತಾ ತಂತ್ರಾಂಶ ಇದ್ದರೆ ಮಾಹಿತಿ ನೇರ ಕ್ಲೌಡ್‌ಗೆ ಹೋಗುತ್ತೆ, ಅಲ್ಲಿ ಡೀಫಾಲ್ಟ್ ಆಗಿ 180 ದಿನ ಇರುತ್ತೆ.

ಇನ್ನೊಂದು 180 ಇದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು, ಡೇಟಾ ಸೆಂಟರ್‌ಗಳು, ಸರ್ಕಾರಿ ಸಂಸ್ಥೆಗಳು ತಮ್ಮ ಎಲ್ಲ ಐಸಿಟಿ (ಮಾಹಿತಿ, ಸಂವಹನ ತಂತ್ರಜ್ಞಾನ) ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಸುರಕ್ಷಿತವಾಗಿ ಇಟ್ಟುಕೊಂಡಿರಬೇಕು. ಹಾಗಾಗಿ ಐಟಿ ವಿಭಾಗದ ಸ್ನೇಹಿತರಿಗೆ ‘ಸ್ವಲ್ಪ ಅಳಿಸಿಬಿಡಪ್ಪಾ’ ಅಂತ ಕೇಳಿ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ. ಅದು ಅವರ ಕೈಯಲ್ಲೂ ಇಲ್ಲ.

#7 ಹೊಸಪುಟ

ಇನ್‌ಕಾಗ್ನಿಟೋದಲ್ಲಿ ನೋಡಿದ್ದೂ ಇದರಲ್ಲಿ ಬರುತ್ತಾ ಸರ್?

#8 ಲಾಗ್_ಓದುಗ

ಬರುತ್ತೆ. ಇನ್‌ಕಾಗ್ನಿಟೋ ಮಾಡೋದು ಒಂದೇ ಕೆಲಸ: ಕಿಟಕಿ ಮುಚ್ಚಿದಾಗ ಆ ಯಂತ್ರದ ಬ್ರೌಸರ್ ಫೋಲ್ಡರಿನಲ್ಲಿ ಹಿಸ್ಟರಿ, ಕುಕಿ ಉಳಿಯದ ಹಾಗೆ ನೋಡಿಕೊಳ್ಳೋದು. ಪ್ರಾಕ್ಸಿಗೆ ಅದೂ ಒಂದೇ, ಮಾಮೂಲಿ ಕಿಟಕಿಯೂ ಒಂದೇ. ಡೌನ್‌ಲೋಡ್ ಮಾಡಿದ ಫೈಲ್ ಕೂಡ ಉಳಿದೇ ಇರುತ್ತೆ.

ವಿಂಡೋಸ್‌ನ ಡಿಎನ್‌ಎಸ್ ಕ್ಯಾಶ್‌ನಲ್ಲೂ ಹೆಸರು ಸ್ವಲ್ಪ ಹೊತ್ತು ಇರಬಹುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್, ಒಂದು ಜಾಗ, ಸ್ಲ್ಯಾಶ್, ಡಿಸ್‌ಪ್ಲೇಡಿಎನ್‌ಎಸ್ ಕೊಟ್ಟರೆ ಪಟ್ಟಿ ಬರುತ್ತೆ. ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಯಂತ್ರ ರೀಸ್ಟಾರ್ಟ್ ಆದರೆ ಖಾಲಿ.

#9 ಡೆಸ್ಕ್‌ಟಾಪ್_ಧಾರವಾಡ

ಬ್ರೌಸರಿನ ಹೊರಗ ವಿಂಡೋಸ್ ಒಳಗ ಉಳಿಯೂವು ಅದಾವಲ್ರಿ, ಅವನ್ನೂ ಹೇಳತೀನಿ.

ಮುಖ್ಯ ಆಗಿದ್ದು ಒನ್‌ಡ್ರೈವ್. ಭಾಳ ಕಂಪನಿಯಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಫೋಲ್ಡರ್ ತಾವ ಕಂಪನಿ ಒನ್‌ಡ್ರೈವ್‌ಗೆ ಹೋಗತಾವು. ಆಧಾರ್ ಸ್ಕ್ಯಾನ್, ಸಾಲದ ಕಾಗದ ಡೆಸ್ಕ್‌ಟಾಪ್ ಮ್ಯಾಲೆ ಇಟ್ಟಿದ್ರ ಅದು ಆಗಲೇ ಕ್ಲೌಡ್ ಸೇರೈತಿ. ಯಂತ್ರದಾಗ ಅಳಿಸಿದ್ರ ಒನ್‌ಡ್ರೈವ್ ರೀಸೈಕಲ್ ಬಿನ್ನಿಗೆ ಹೋಗಿ ಕೂಡತೈತಿ. ಕಂಪನಿ ಅಕೌಂಟ್ ಒಳಗ ಆ ಬಿನ್ ಅವಧಿ 93 ದಿನ. ಡೌನ್‌ಲೋಡ್ಸ್ ಫೋಲ್ಡರ್ ಈ ಮೂರರಾಗ ಬರಂಗಿಲ್ಲ.

ಎರಡನೇದು, ಇಳಿಸಿಕೊಂಡ ಫೈಲಿಗೆ ಅಂಟಿಕೊಂಡಿರೋ ಚೀಟಿ. ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲ್ ಜೋಡಿಸಿಡೂ ಪದ್ಧತಿ) ಡಿಸ್ಕಿನಾಗ ಡೌನ್‌ಲೋಡ್ ಫೈಲಿನ ಬೆನ್ನಿಗೆ ‘ಝೋನ್ ಐಡೆಂಟಿಫೈಯರ್’ ಅಂತ ಒಂದು ಸ್ಟ್ರೀಮ್ ಇರತೈತಿ. ಅದರಾಗ ಝೋನ್‌ಐಡಿ 3 ಅಂದ್ರ ಇಂಟರ್ನೆಟ್ಟಿಂದ ಬಂದದ್ದು. ಕೆಳಗ ಹೋಸ್ಟ್‌ಯುಆರ್‌ಎಲ್, ರೆಫರರ್‌ಯುಆರ್‌ಎಲ್ ಅಂತ ಯಾವ ಪುಟದಿಂದ ಇಳಿಸಿದ್ರಿ ಅನ್ನೂ ವಿಳಾಸಾನೂ ಇರತೈತಿ. ಹಿಸ್ಟರಿ ಪೂರ್ತಿ ಅಳಿಸಿದ್ರೂ ಇದು ಹೋಗಂಗಿಲ್ಲ, ಫೈಲಿನ ಜೋಡಿ ಇರತೈತಿ. ಪ್ರಾಪರ್ಟೀಸ್ ಒಳಗ ‘ಅನ್‌ಬ್ಲಾಕ್’ ಟಿಕ್ ಹಾಕಿದ್ರ ಹೋಗತೈತಿ. ಆದರ ಗೊತ್ತಿಲ್ಲದ ಫೈಲಿಗೆ ಹಂಗ ಮಾಡಬ್ಯಾಡ್ರಿ, ಆ ಚೀಟಿ ನೋಡೇ ವಿಂಡೋಸ್ ಎಚ್ಚರಿಕಿ ಕೊಡೂದು. ಸ್ವಂತ ಫೈಲನ್ನ ಅಳಿಸಿಬಿಟ್ರ ಚೀಟಿನೂ ಅದರ ಜೋಡಿ ಹೋಗತೈತಿ.

ಉಳಿದದ್ದು ಸಣ್ಣವು. ವಿಂಡೋಸ್+ವಿ ಒತ್ತಿ ಕ್ಲಿಪ್‌ಬೋರ್ಡ್ ‘ಕ್ಲಿಯರ್ ಆಲ್’. ಫೈಲ್ ಎಕ್ಸ್‌ಪ್ಲೋರರ್ ಆಪ್ಷನ್ಸ್ ಒಳಗ ಹಿಸ್ಟರಿ ಕ್ಲಿಯರ್. ಕಂಟ್ರೋಲ್ ಪ್ಯಾನೆಲ್, ಕ್ರೆಡೆನ್ಷಿಯಲ್ ಮ್ಯಾನೇಜರ್ ಒಳಗ ‘ವೆಬ್ ಕ್ರೆಡೆನ್ಷಿಯಲ್ಸ್’ ಒಮ್ಮೆ ನೋಡ್ರಿ, ಹಳೇ ಪಾಸ್‌ವರ್ಡ್ ಅಲ್ಲಿ ಕೂತಿರತಾವು.

#10 ಹೊಸಪುಟ

ಇಂಡೆಕ್ಸ್ ಡಾಟ್ ಡ್ಯಾಟ್ ಅನ್ನೋ ರಹಸ್ಯ ಫೈಲ್ ಅಳಿಸಬೇಕು ಅಂತ ಹಳೆಯ ಲೇಖನಗಳಲ್ಲಿ ಇದೆಯಲ್ಲಾ?

#11 ಕುಕಿ_ಡಬ್ಬಿ

ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್ 9ರವರೆಗಿನ ಮಾತು. 10ರಿಂದ ಆ ಕೆಲಸ ವೆಬ್‌ಕ್ಯಾಶ್‌ವಿ01 ಅನ್ನೋ ಫೈಲಿಗೆ ಹೋಯಿತು. ಆ ಬ್ರೌಸರ್ 2022ರ ಜೂನ್ 15ಕ್ಕೆ ನಿವೃತ್ತಿಯಾದರೂ ಫೈಲ್ ಇವತ್ತಿಗೂ ಇದೆ, ಯಾಕೆಂದರೆ ಎಡ್ಜ್‌ನ ಐಇ ಮೋಡ್ (ಹಳೆಯ ಪುಟಗಳನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್ ಥರ ತೆರೆಯೋ ಸೌಲಭ್ಯ) ಮತ್ತು ವಿಂಡೋಸ್‌ನ ಕೆಲವು ಭಾಗಗಳು ಅದನ್ನು ಬಳಸುತ್ತವೆ. ಬ್ರೌಸರ್ ಮುಟ್ಟದೆ ಎಕ್ಸ್‌ಪ್ಲೋರರ್‌ನಲ್ಲಿ ತೆರೆದ ಫೈಲುಗಳ ಹೆಸರೂ ಅದರಲ್ಲಿ ಸೇರುತ್ತೆ. ಅದಕ್ಕೇ ಡಿಜಿಟಲ್ ಫೊರೆನ್ಸಿಕ್ಸ್‌ನವರು ಮೊದಲು ನೋಡೋ ಫೈಲುಗಳಲ್ಲಿ ಅದೂ ಒಂದು.

ನೇರ ಅಳಿಸೋಕೆ ಹೋದರೆ ‘ಫೈಲ್ ಇನ್ ಯೂಸ್’ ಅನ್ನುತ್ತೆ. ಲಾಗಿನ್ ಆಗಿರುವಷ್ಟು ಹೊತ್ತೂ ವಿಂಡೋಸ್ ಅದನ್ನು ಹಿಡಿದಿರುತ್ತೆ. ಸರಿಯಾದ ದಾರಿ: ಎಡ್ಜ್ ಸೆಟ್ಟಿಂಗ್ಸ್, ಪ್ರೈವಸಿ, ‘ಕ್ಲಿಯರ್ ಬ್ರೌಸಿಂಗ್ ಡೇಟಾ ಫಾರ್ ಇಂಟರ್ನೆಟ್ ಎಕ್ಸ್‌ಪ್ಲೋರರ್’. ಹಳೆಯ ಇಂಟ್ರಾನೆಟ್ ಪುಟಗಳನ್ನು ಐಇ ಮೋಡ್‌ನಲ್ಲಿ ತೆರೆಯೋ ಕಚೇರಿಗಳಲ್ಲಿ ಮಾತ್ರ ಇದರ ಅಗತ್ಯ ಬೀಳುತ್ತೆ.

#12 ಬೆಣ್ಣೆನಗರಿ

ಇಷ್ಟೆಲ್ಲ ಯಾಕೆ, ಬೇಡದ ಫೈಲ್, ಹಿಸ್ಟರಿ ಅಳಿಸೋ ಸಿಸಿಕ್ಲೀನರ್ ಅನ್ನು ಪೆನ್‌ಡ್ರೈವ್‌ನಲ್ಲಿ ಹಾಕ್ಕೊಂಡು ಒಂದು ಸಲ ಓಡಿಸಿದರೆ ಆಯ್ತಲ್ವಾ?

#13 ಲಾಗ್_ಓದುಗ

ದಯವಿಟ್ಟು ಬೇಡ. ಪೆನ್‌ಡ್ರೈವ್ ಚುಚ್ಚಿದ್ದು ದಾಖಲಾಗುತ್ತೆ, ಅದರಿಂದ ಅಪರಿಚಿತ ಪ್ರೋಗ್ರಾಂ ಓಡಿದ್ದು ದಾಖಲಾಗುತ್ತೆ. ಕೆಲಸ ಬಿಡೋ ವಾರದಲ್ಲಿ ಅಳಿಸುವ ಉಪಕರಣ ಓಡಿದರೆ ಭದ್ರತಾ ತಂಡಕ್ಕೆ ಅದು ಡೇಟಾ ಕದ್ದು ಹೆಜ್ಜೆ ಅಳಿಸಿದ ಹಾಗೆ ಕಾಣುತ್ತೆ. ಏನೂ ತಪ್ಪು ಮಾಡದವರು ವಿವರಣೆ ಕೊಡುತ್ತಾ ಕೂರಬೇಕಾಗುತ್ತೆ. ಜೊತೆಗೆ 2017ರಲ್ಲಿ ಸಿಸಿಕ್ಲೀನರ್ 5.33 ಆವೃತ್ತಿಯ ಅಧಿಕೃತ ಡೌನ್‌ಲೋಡ್ ಒಳಗೇ ದುಷ್ಟ ಕೋಡ್ ಸೇರಿಕೊಂಡಿತ್ತು, ಅದರ ಮುಂದಿನ ಹಂತದ ಗುರಿ ದೊಡ್ಡ ತಂತ್ರಜ್ಞಾನ ಕಂಪನಿಗಳಾಗಿದ್ದವು. ಪ್ರೊಫೈಲ್ ಡಿಲೀಟ್ ಮಾಡಿದರೆ ಸಾಕಾಗೋ ಕೆಲಸಕ್ಕೆ ಇದು ಯಾಕೆ?

#14 ನಿಯಮ_ಪುಸ್ತಕ

ಕಾನೂನಿನ ಬಗ್ಗೆ ಎರಡು ಮಾತು. ಐಟಿ ಕಾಯ್ದೆ 2000ರ ಸೆಕ್ಷನ್ 43ರಲ್ಲಿ, ಯಂತ್ರದ ಒಡೆಯರ ಅನುಮತಿ ಇಲ್ಲದೆ ಅದರಲ್ಲಿನ ಮಾಹಿತಿ ಅಳಿಸೋದು, ನಾಶ ಮಾಡೋದು ಪರಿಹಾರ ಕೊಡಬೇಕಾದ ತಪ್ಪು. ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ ಸೆಕ್ಷನ್ 66ರಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಲ್ಯಾಪ್‌ಟಾಪ್‌ನ ಒಡೆಯ ಕಂಪನಿ. ಸ್ವಂತ ಜಿಮೇಲ್ ಪ್ರೊಫೈಲ್ ತೆಗೆಯೋದಕ್ಕೂ ಪ್ರಾಜೆಕ್ಟ್ ಮೇಲ್, ಕೋಡ್, ಚಾಟ್ ಅಳಿಸೋದಕ್ಕೂ ಇರುವ ವ್ಯತ್ಯಾಸ ಇದೇ. ಆಂತರಿಕ ವಿಚಾರಣೆಯ ನೋಟಿಸ್ ಬಂದಿದ್ದರೆ, ಅಥವಾ ದಾಖಲೆ ಕಾಪಾಡಿ ಅನ್ನೋ ಇಮೇಲ್ ಬಂದಿದ್ದರೆ, ಸ್ವಂತದ್ದನ್ನೂ ಅಳಿಸಬೇಡಿ. ಮೊದಲು ವಕೀಲರನ್ನು ಕೇಳಿ.

ಕಂಪನಿ ನೋಡಬಹುದಾ ಅಂತ ಕೇಳಿದರೆ: ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಸೆಕ್ಷನ್ 7ರಲ್ಲಿ ಉದ್ಯೋಗದ ಉದ್ದೇಶ, ಮಾಲೀಕರನ್ನು ನಷ್ಟದಿಂದ ಕಾಪಾಡೋ ಉದ್ದೇಶ ಎರಡನ್ನೂ ಒಪ್ಪಿಗೆ ಇಲ್ಲದೆಯೂ ದತ್ತಾಂಶ ಬಳಸಬಹುದಾದ ಕಾರಣಗಳ ಪಟ್ಟಿಗೆ ಸೇರಿಸಿದ್ದಾರೆ. ಯುರೋಪಿನಲ್ಲಿ ಕೆಲಸ ಮಾಡೋ ಕನ್ನಡಿಗರಿಗೆ ಸ್ಥಿತಿ ಬೇರೆ. 2017ರ ಸೆಪ್ಟೆಂಬರ್ 5ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ರೊಮೇನಿಯಾದ ಪ್ರಕರಣವೊಂದರಲ್ಲಿ, ನಿಗಾ ಇಡುವ ವಿಷಯವನ್ನು, ಎಷ್ಟರಮಟ್ಟಿಗೆ ಅನ್ನೋದನ್ನು ನೌಕರನಿಗೆ ಮುಂಚೆಯೇ ತಿಳಿಸಿದ್ದರೇ ಅಂತ ನೋಡಬೇಕು ಎಂದಿತು. ನಮ್ಮಲ್ಲಿ ಸೇರುವಾಗ ಸಹಿ ಹಾಕಿದ ‘ಅಕ್ಸೆಪ್ಟೆಬಲ್ ಯೂಸ್ ಪಾಲಿಸಿ’ ತೆಗೆದು ಓದಿ. ಆ ಮಾಹಿತಿ ಸಾಮಾನ್ಯವಾಗಿ ಅಲ್ಲೇ ಇರುತ್ತೆ.

#15 ಕಬ್ಬನ್_ಮರ

ಬೆಂಗಳೂರಲ್ಲಿ ವಿದೇಶಿ ಕ್ಲೈಂಟ್‌ಗಳಿಗೆ ಕೆಲಸ ಮಾಡೋರು ಒಂದು ವಿಷಯ ಸೇರಿಸಿಕೊಳ್ಳಿ. ಸಿಟ್ರಿಕ್ಸ್ ಅಥವಾ ಬೇರೆ ವರ್ಚುವಲ್ ಡೆಸ್ಕ್‌ಟಾಪ್ (ದೂರದ ಸರ್ವರ್‌ನಲ್ಲಿ ಓಡುವ ಕಂಪ್ಯೂಟರ್) ಒಳಗೆ ಬ್ರೌಸರ್ ತೆರೆದಿದ್ದರೆ ಅದರ ಹಿಸ್ಟರಿ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇಲ್ಲವೇ ಇಲ್ಲ, ಕ್ಲೈಂಟ್‌ನ ಡೇಟಾ ಸೆಂಟರ್‌ನಲ್ಲಿದೆ. ಲ್ಯಾಪ್‌ಟಾಪ್ ಕೊಡುವ ಮುಂಚೆ ಆ ಡೆಸ್ಕ್‌ಟಾಪ್‌ಗೂ ಒಮ್ಮೆ ಲಾಗಿನ್ ಆಗಿ ಸ್ವಂತ ಖಾತೆಗಳಿಂದ ಲಾಗೌಟ್ ಆಗಿ. ಕೊನೆಯ ದಿನ ಮಧ್ಯಾಹ್ನದ ಹೊತ್ತಿಗೇ ಪ್ರವೇಶ ಕಟ್ ಆಗಬಹುದು, ಎರಡು ಮೂರು ದಿನ ಮುಂಚೆ ಮುಗಿಸಿಕೊಳ್ಳಿ.

ಮ್ಯಾಕ್‌ಬುಕ್ ಇದ್ದವರಿಗೆ: ಸಫಾರಿಯಲ್ಲಿ ಸ್ವಂತ ಐಕ್ಲೌಡ್ ಇದ್ದರೆ ಇಲ್ಲೂ ಅದೇ ಬಲೆ, ಕ್ಲಿಯರ್ ಹಿಸ್ಟರಿ ಒತ್ತಿದರೆ ಐಫೋನ್‌ನದ್ದೂ ಹೋಗುತ್ತೆ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಐಕ್ಲೌಡ್‌ನ ಸಫಾರಿ ಬಟನ್ ಬಂದ್ ಮಾಡಿ, ಆಮೇಲೆ ಅಳಿಸಿ. ‘ಫೈಂಡ್ ಮೈ’ ಬಂದ್ ಮಾಡೋದನ್ನು ಮರೆತರೆ ಆ್ಯಕ್ಟಿವೇಶನ್ ಲಾಕ್ (ನಿಮ್ಮ ಆ್ಯಪಲ್ ಖಾತೆ ಇಲ್ಲದೆ ಯಂತ್ರ ಬಳಸಲಾಗದ ಬೀಗ) ಬಿದ್ದು ಐಟಿಯವರು ನಿಮಗೇ ಫೋನ್ ಮಾಡ್ತಾರೆ.

#16 ತುಂಗಾತೀರ

ಸಿಂಕ್ ಬಂದ್ ಮಾಡಿ ಪ್ರೊಫೈಲ್ ತೆಗೆದಾಯ್ತು. ಫೋನಿನ ಹಿಸ್ಟರಿ, ಪಾಸ್‌ವರ್ಡ್ ಎಲ್ಲ ಹಾಗೇ ಇವೆ. ಒನ್‌ಡ್ರೈವ್ ಬಿನ್‌ನಲ್ಲಿ ಪ್ಯಾನ್ ಕಾರ್ಡ್ ಸ್ಕ್ಯಾನ್ ಸಿಕ್ಕಿತು, ಅಳಿಸಿದೆ. ಒಂದೇ ಉಳಿದಿರೋದು: ಎಡ್ಜ್‌ನಲ್ಲಿ ಆಸ್ಪತ್ರೆಯ ಒಂದು ವಿಳಾಸ ಶಿಫ್ಟ್+ಡಿಲೀಟ್ ಒತ್ತಿದರೂ ಹೋಗ್ತಿಲ್ಲ. ಹಿಸ್ಟರಿಯ ಟಿಕ್ ಬೂದು ಇದ್ದಿದ್ದಕ್ಕಾ?

#17 ಕುಕಿ_ಡಬ್ಬಿ

ಪಕ್ಕದಲ್ಲಿ ನಕ್ಷತ್ರದ ಗುರುತು ಇದೆಯಾ? ಎಡ್ಜ್‌ನಲ್ಲಿ ಬುಕ್‌ಮಾರ್ಕ್‌ಗೆ ‘ಫೇವರಿಟ್ಸ್’ ಅಂತ ಹೆಸರು. ಕಂಟ್ರೋಲ್+ಶಿಫ್ಟ್+ಓ ಒತ್ತಿ, ‘ಅದರ್ ಫೇವರಿಟ್ಸ್’ ಫೋಲ್ಡರನ್ನೂ ಬಿಚ್ಚಿ ನೋಡಿ. ಕ್ರೋಮ್‌ನಿಂದ ಇಂಪೋರ್ಟ್ ಆಗಿ ಬಂದವು ಹಲವು ಸಲ ಅಲ್ಲೇ ಕೂತಿರುತ್ತವೆ. ನಕ್ಷತ್ರ ಇಲ್ಲದಿದ್ದರೆ ಅದು ಪಾಲಿಸಿಯಿಂದ ಉಳಿದ ಹಿಸ್ಟರಿ, ಮುಟ್ಟಬೇಡಿ.

#18 ತುಂಗಾತೀರ

ನಕ್ಷತ್ರ ಇತ್ತು. ‘ಅದರ್ ಫೇವರಿಟ್ಸ್’ ಒಳಗೆ ಕ್ರೋಮ್‌ನಿಂದ ಬಂದ 40 ಬುಕ್‌ಮಾರ್ಕ್ ಇದ್ದವು. ಸ್ವಂತದವನ್ನು ತೆಗೆದೆ, ಕಂಪನಿ ಪುಟಗಳ ಆರನ್ನು ಬಿಟ್ಟೆ. ಈಗ ಆ ವಿಳಾಸ ಬರ್ತಿಲ್ಲ.